ಗೂಟದ ಮೇಲಿನ ಟಾವೆಲ್

ಮುಖ ತೊಳೆದು ಬಚ್ಚಲಿನಿಂದ ಬಂದೆ. ಅಕ್ಕ ಎಂದಿನಂತೆ ಟಾವೆಲನ್ನು ಕೈಗೆ ಕೊಡದೆ ಗೋಡೆಯ ಗೂಟಕ್ಕೆ ಹಾಕಿ, ಅಲ್ಲೈತಿ ತಗೋ ಎಂದು ಒಳಗೆ ಹೋದಳು. ದುಂಡಸಿ ಊರಿನ ಅವಳ ಮನೆಯ ಪಡಸಾಲೆಯ ತನಕ ಗೋವಿನಜೋಳದ ಹೊಟ್ಟಿನ ವಾಸನೆ. ಯಾರದೋ ಕಣದಲ್ಲಿ ಕಾಳು ಬಿಡಿಸುವ ರಾಶಿ ಮಷಿನ್ ಓಡುತ್ತಿತ್ತು. ಟಾವೆಲಿಗೆ ಕೈ ಹಾಕುವಷ್ಟರಲ್ಲಿ ಮಾಸಪತ್ರಿಕೆಯ ಸಂಪಾದಕರ ಫೋನು. ನನ್ನ ಹೊಸ ದೆವ್ವದ ಕಥೆಯಲ್ಲಿ ರಕ್ತ ಸಾಲದಂತೆ. ಕೊರಳು ಕತ್ತರಿಸುವ ಜಾಗದಲ್ಲಿ ಇನ್ನೊಂದು ಪುಟ ಬೇಕಂತೆ. ಆಗಲಿ ಎಂದೆ.

ನೀವೇ ಹೇಳಿ, ಎಷ್ಟಂತ ಕತ್ತರಿಸುವುದು? ಸಾಕಾಗಿ ಹೋಗಿದೆ. ಹಾನಗಲ್ಲಿನ ಬಾಡಿಗೆ ಮನೆಯಲ್ಲಿ ಕೂತು ಊರಿಗೆ ಊರನ್ನೇ ಕೊಂದಿದ್ದೇನೆ; ಹಲ್ಲಿ ಬಿದ್ದರೆ ಮಾತ್ರ ಹೆಂಡತಿಯನ್ನು ಕೂಗುತ್ತೇನೆ. ರಕ್ತ ಹೆಚ್ಚಾದರೆ ಕಥೆ ಕಾಣುವುದಿಲ್ಲ, ಕಡಿಮೆಯಾದರೆ ಓದುಗ ಆಕಳಿಸುತ್ತಾನೆ. ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಕೈ ಹಿಡಿದು, ನಿಮ್ಮ ಕಥಿ ಊಟ ಮಾಡಕೋಂತ ಓದತೇನ್ರಿ ಎಂದು ಹೊಗಳಿದ್ದರು. ಅಂದಿನಿಂದ ನನಗೇ ಊಟ ಸೇರುತ್ತಿಲ್ಲ.

ರಕ್ತ ಎಷ್ಟಿರಬೇಕೆಂಬ ಆ ಹದವನ್ನು ನಾನು ಒಮ್ಮೆ ಕಂಡದ್ದು ಇದೇ ಪಡಸಾಲೆಯಲ್ಲಿ, ಭಾವ ರಾಶಿ ಮಷಿನ್ನಿಗೆ ಸಿಕ್ಕು ಸತ್ತಾಗ. ನಮ್ಮ ಕಡೆ ಸತ್ತವರ ಮನೆಗೆ ಮಾತಾಡಿಸಲು ಬರುತ್ತಾರೆ. ಬಂದವರು ಒಂದಿಷ್ಟು ಅತ್ತು, ಹೆಂಗಾತು ಎಂದು ಕೇಳುವುದು; ಮನೆಯವರು ಮೊದಲಿನಿಂದ ಹೇಳುವುದು. ಶಿಗ್ಗಾಂವಿಯ ಬಸ್ಸು ಬಂದಾಗಲೆಲ್ಲ ಹೊಸ ಮಂದಿ, ಮತ್ತೆ ಮೊದಲಿನಿಂದ. ನಾನು ಅಕ್ಕನ ಪಕ್ಕದಲ್ಲೇ ಕೂತಿರುತ್ತಿದ್ದೆ.

ಮೊದಮೊದಲು ಅವಳು ಹೇಳುತ್ತಿದ್ದುದೆಲ್ಲ ರಕ್ತವೇ. ಬೆಲ್ಟಿಗೆ ಅಂಟಿದ್ದು, ಕಾಳಿನ ರಾಶಿ ಕೆಂಪಾದದ್ದು, ಮುಖದ ಗುರುತು ಸಿಗದೆ ಹೋದದ್ದು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಈ ದೆವ್ವದ ಕಥೆಗಾರ ಮಹಾಶಯ ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿ ಬಂದ. ದಿನ ಕಳೆದಂತೆ ರಕ್ತ ಕಡಿಮೆಯಾಗುತ್ತ ಬಂತು, ಹೇಳಿಕೆ ಅಂದಿನ ಮುಂಜಾನೆಯ ಕಡೆಗೆ ಸರಿಯಿತು. ಚಹಾ ಆರಿತ್ತಂತೆ. ಭಾವ ಏನನ್ನೋ ಹುಡುಕುತ್ತಿದ್ದರಂತೆ. ಕೊನೆಗೆ ಸವಣೂರಿನಿಂದ ನಮ್ಮ ಸೋದರತ್ತೆ ತಡವಾಗಿ ಬಂದು ಕೇಳಿದಾಗ ಅಕ್ಕನ ಬಾಯಲ್ಲಿ ರಕ್ತದ ಮಾತೇ ಬರಲಿಲ್ಲ.

"ಹೊಟ್ಟು ಹಾರತೈತಿ, ಕೊರಳಿಗೆ ಸುತ್ತಗೊಳ್ಳಾಕ ಟಾವೆಲ್ ಸಿಗವಲ್ದು ಅಂದ್ರು. ನಾನ ಹುಡುಕಿ ಕೈಯಾಗ ಕೊಟ್ಟೆ, ಅತ್ತಿ. ಅದ ಬೆಲ್ಟಿಗೆ ಸಿಕ್ತು."

ಯಾರೂ ಅಳಲಿಲ್ಲ. ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ. ಅಷ್ಟು ದಿನ ಅಕ್ಕ ಆ ರಕ್ತವನ್ನೇ ಅಡ್ಡ ಹಿಡಿದುಕೊಂಡು ಈ ಒಂದು ಮಾತನ್ನು ಮುಚ್ಚಿಟ್ಟಿದ್ದಳು. ಅತ್ತೆಗೆ ನೀರು ತರಲು ನಾನು ಎದ್ದೆ. ಆಮೇಲೆ ಈವರೆಗೆ ಅಕ್ಕ ಯಾರ ಕೈಗೂ ಟಾವೆಲ್ ಕೊಟ್ಟಿಲ್ಲ.

ಇದೆಲ್ಲ ನೆನಪಾಗಿ ಸಂಪಾದಕರಿಗೆ ತಿರುಗಿ ಫೋನು ಮಾಡಿ, ಆ ಪುಟ ನನ್ನಿಂದಾಗದು ಎಂದೆ. ಹಾಗಾದರೆ ಕಥೆ ಬೇಡ ಬಿಡಿ ಎಂದರು, ಮರ್ಯಾದೆಯಿಂದಲೇ. ಬೇಜಾರಾಯಿತು, ಆದರೆ ಹಗುರವೂ ಆಯಿತು.

ಮುಖ ಇನ್ನೂ ಒದ್ದೆಯಾಗಿತ್ತು. ಗೂಟದ ಕಡೆ ಹೋಗದೆ ಅಕ್ಕನನ್ನು ಕರೆದು, ಟಾವೆಲ್ ಕೊಡು ಎಂದೆ. ಅಲ್ಲೇ ಐತಲ್ಲ ಎಂದಳು. ನೀನ ಕೊಡು ಎಂದು ಕೈ ಚಾಚಿದೆ. ಒಲೆಯ ಮುಂದಿನಿಂದ ಎದ್ದು ಬಂದಳು. ಕಣದಲ್ಲಿ ಮಷಿನ್ ಓಡುತ್ತಲೇ ಇತ್ತು. ಟಾವೆಲ್ ತೆಗೆದು, ಎರಡೂ ಕೈಯಲ್ಲಿ ಹಿಡಿದು ಚಿಕ್ಕದಾಗಿ ಮಡಿಚಿದಳು. ಆಮೇಲೆ ನನ್ನ ಕೈಗಿಟ್ಟಳು.

"ಕೊರಳಾಗ ಹಾಕ್ಕೋಬ್ಯಾಡ," ಎಂದಳು.