ತಬಲಾ ಯಾರ ಕಂಠಕ್ಕೆ?

ತಬಲಾ ಒಯ್ಯಲು ಬಂದ ಬಸಣ್ಣ ಅದನ್ನು ಒಮ್ಮೆ ಬಾರಿಸಿ, “ಇದು ಬ್ಯಾಡ್ರೀ ಅಣ್ಣಾರ. ಶ್ರುತಿ ಇನ್ನಾ ಭಾಳ ಏರ್ಸಬೇಕು,” ಎಂದುಬಿಟ್ಟ.

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಎಸ್‌ಟಿಡಿ ಬೂತಿನ ಪಕ್ಕದ ನನ್ನ ಪುಟ್ಟ ಅಂಗಡಿಯಲ್ಲಿ ಅವನನ್ನೇ ಹಾಡಿಸಿ, ಅವನ ಕಂಠಕ್ಕೆಂದೇ ಹದಿನೈದು ದಿನ ಕೂತು ಕಟ್ಟಿದ ತಬಲಾ ಅದು. ಅಷ್ಟು ಬಿಗಿದರೆ ಚರ್ಮ ಹರಿಯುತ್ತದೆ. ಅಷ್ಟು ಏರು ಶ್ರುತಿಗೆ ಬಾಯಿ ಚಿಕ್ಕದಾದ ಬೇರೆ ತಬಲಾವನ್ನೇ ಮಾಡಬೇಕು. ನನಗೆ ಸಿಟ್ಟು ಬಂತು.

“ಹದಿನೈದು ದಿನದಲ್ಲಿ ನಿನ್ನ ಗಂಟಲು ಬದಲಾಯ್ತಾ ಮಾರಾಯಾ?”

ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುವ ಆ ಭಾರಿ ಆಳು ನಾಚಿ ನೆಲ ನೋಡಿದ. “ಗಂಟಲಾ ಕಟ್ಟಿತ್ತರೀ. ಹೋದ ಸೋಮವಾರ ಭಜನ್ಯಾಗ ನನ್ನ ಬದ್ಲಿ ನಮ್ಮಾಕಿ ಹಾಡಿದ್ಳು. ಈಗ ಮಂದಿ, ಆಕೀನೇ ಹಾಡ್ಲಿ, ನೀ ತಾಳಾ ಹಿಡಿ ಅಂತಾರ.”

ಭಾನುವಾರ ಹೆಂಡತಿಯನ್ನು ಕರೆತಂದ. ಆಕೆ ಸೆರಗನ್ನು ಬೆರಳಿಗೆ ಸುತ್ತುತ್ತ ಒಂದೇ ಸಾಲು ಹಾಡಿದಾಗ ನನ್ನ ಕೈಯ ಸುತ್ತಿಗೆ ನಿಂತೇ ಹೋಯಿತು. ಬಸಣ್ಣ ಮಾತ್ರ ತಾನೇ ಹಾಡಿದವನಂತೆ ಬೀಗುತ್ತಿದ್ದ. ನಾನು ಆಕೆಯ ಕಂಠಕ್ಕೆ ಹೊಸ ಅಳತೆ ಬರೆದುಕೊಂಡೆ.

ಈಗ ಯಾವ ಗಂಡಸು ಆರ್ಡರ್ ಕೊಡಲು ಬಂದರೂ, “ಮನೆಯಲ್ಲಿ ಇನ್ಯಾರು ಹಾಡ್ತಾರೆ?” ಎಂದು ಮೊದಲೇ ಕೇಳುತ್ತೇನೆ. ಎಲ್ಲರೂ ನಗುತ್ತಾರೆ. ಕೆಲವರು ಮಾತ್ರ ನಕ್ಕು, “ಕೇಳಿ ಬರ್ತೇನೆ” ಎಂದು ಮನೆಗೆ ಹೋಗುತ್ತಾರೆ.