ಒಂದು ಡಬ್ಬ ಬೂದಿ

ನಮ್ಮ ಮನೆಯಲ್ಲಿ ಎಲ್ಲ ಇತ್ತು, ಒಂದು ಹಿಡಿ ಬೂದಿ ಇರಲಿಲ್ಲ. ಹುಣಸೂರಿಗೆ ಬಂದು ಗ್ಯಾಸ್ ಒಲೆ ಹಚ್ಚಿದ ಮೇಲೆ ಅದನ್ನು ಯಾರೂ ನೆನೆಸಿಕೊಂಡಿರಲಿಲ್ಲ. ನನಗೆ ನೆನಪಾಗಲು ಕಾರಣ ನನ್ನ ಹೆಂಡತಿ ಜಯಮ್ಮನ ಕೈ.

ಪಾತ್ರೆ ತೊಳೆಯುವ ಹಸಿರು ಲಿಕ್ವಿಡ್ಡು ಒಗ್ಗದೆ ಅವಳ ಬೆರಳೆಲ್ಲ ಬಿರುಕು ಬಿಟ್ಟಿತ್ತು. ಡಾಕ್ಟರು ಮುಲಾಮು ಕೊಟ್ಟು, ಸೋಪು ಮುಟ್ಟಬೇಡಿ ಅಂದರು. ಬಿರುಕಿಗೆ ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು. ಹಾಗಾಗಿ ಮುದ್ದೆ ಬಿಟ್ಟು ಚಮಚದಲ್ಲಿ ಅನ್ನ ತಿನ್ನತೊಡಗಿದಳು. ಮುದ್ದೆ ಚಮಚಕ್ಕೆ ಬಗ್ಗುವ ಪದಾರ್ಥವಲ್ಲ.

"ಕೈಯಲ್ಲಿ ಉಣ್ಣದಿದ್ರೆ ಉಂಡಂಗೇ ಆಗಕ್ಕಿಲ್ಲ ಕಣ್ರೀ" ಅಂದಳು ಒಂದು ದಿನ, ತಟ್ಟೆ ಪಕ್ಕಕ್ಕೆ ಸರಿಸಿ. ನನಗೆ ಸಂಕಟವಾಯಿತು.

ಸಂಕಟವಾದಾಗ ನಾನು ಯೋಚಿಸುತ್ತೇನೆ. ಕೆಲಸ ಮಾಡುವುದು ನನ್ನ ಸ್ವಭಾವವಲ್ಲ. ಯೋಚಿಸಿದಾಗ ಹೊಳೆದದ್ದು ಬೂದಿ. ನಮ್ಮಜ್ಜಿ ಬೂದಿ, ಹುಣಸೆಹಣ್ಣು, ತೆಂಗಿನ ನಾರು ಇಷ್ಟರಲ್ಲೇ ಹಂಡೆಯನ್ನು ಮುಖ ಕಾಣುವಂತೆ ಬೆಳಗುತ್ತಿದ್ದಳು. ಕಾಳಿಗೆ ಹುಳು ಬೀಳದಂತೆ ಬೆರೆಸುವುದೂ ಬೂದಿ, ಹಣೆಗೆ ಬಳಿದುಕೊಳ್ಳುವುದೂ ಬೂದಿ. ದೇವರಿಗೂ ದೋಸೆ ಹಂಚಿಗೂ ಒಂದೇ ವಸ್ತು ಸಾಕಾಗಿದ್ದ ಕಾಲ ಅದು. ಈಗ ನೆಲಕ್ಕೊಂದು, ಗಾಜಿಗೊಂದು, ಕಕ್ಕಸಿಗೊಂದು ಬಾಟಲಿ. ನಮ್ಮ ಬಚ್ಚಲಿಗೆ ಹೋದರೆ ಔಷಧದ ಅಂಗಡಿಗೆ ಹೋದಂತಾಗುತ್ತದೆ.

ಬೆಟ್ಟದಪುರದಲ್ಲಿ ನನ್ನ ಭಾವಮೈದ ರಾಜೇಗೌಡನಿಗೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಇದೆ. ಅಲ್ಲಿ ಸೌದೆ ಉರಿದು ಬೂದಿ ರಾಶಿ ಬೀಳುತ್ತದೆ. ಬಸ್ಸು ಹತ್ತಿ ಹೋದೆ.

"ಬೂದಿ ಕೇಳಕ್ಕೆ ಇಲ್ಲೀಗಂಟ ಬಂದ್ರಾ ಭಾವ?" ಎಂದು ನಗುತ್ತಲೇ ಜರಡಿ ಹಿಡಿದು ಒಂದು ಡಬ್ಬ ತುಂಬಿಸಿಕೊಟ್ಟ.

ಬರುವಾಗ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದವರು "ತುಪ್ಪವಾ ಸ್ವಾಮಿ?" ಅಂದರು. ಬೂದಿ ಅಂದೆ. ಯಾರನ್ನೋ ಕಳೆದುಕೊಂಡು ಬರುತ್ತಿದ್ದೇನೆಂದು ತಿಳಿದ ಆ ಪುಣ್ಯಾತ್ಮರು ಹುಣಸೂರಿನವರೆಗೂ ನನಗೆ ಕಿಟಕಿ ಬಿಟ್ಟುಕೊಟ್ಟರು.

ಜಯಮ್ಮ ಒಂದು ತಂಬಿಗೆ ಉಜ್ಜಿದಳು. ತಂಬಿಗೆ ಫಳಫಳ ಅಂದಿತು. ಅವಳು ಕೈ ಒದರಿಕೊಂಡಳು. "ಇದೂ ಉರೀತದೆ ಕಣ್ರೀ. ನಿಮ್ಮಜ್ಜಿ ಹಂಡೆ ನೋಡಿದ್ರಿ ಸರಿ, ಕೈ ನೋಡಿದ್ರಾ?"

ನೋಡಿರಲಿಲ್ಲ. ಹಂಡೆಯಲ್ಲಿ ನನ್ನ ಮುಖ ನೋಡಿಕೊಂಡಿದ್ದೆ, ಅಷ್ಟೇ.

ತಂಬಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಪಂಚೆ ಎತ್ತಿ ಕಟ್ಟಿದೆ. ಅಂದಿನಿಂದ ಪಾತ್ರೆ ನನ್ನ ಪಾಲಿನದು. ಬೂದಿಯಲ್ಲೇ ಉಜ್ಜುತ್ತೇನೆ. ಇಷ್ಟು ವರ್ಷ ವಿಶ್ರಾಂತಿ ಪಡೆದ ಕೈ, ತಡೆಯುತ್ತದೆ. ಜಿಡ್ಡು ಉಳಿದದ್ದನ್ನು ಅವಳು ಪರೀಕ್ಷೆ ಮಾಡಿ ವಾಪಸ್ಸು ಕಳಿಸುತ್ತಾಳೆ.

ಮುಲಾಮಿಗೂ ಕೆಲಸ ಮಾಡಲು ಈಗ ಪುರುಸೊತ್ತು ಸಿಕ್ಕಿತು. ನಿನ್ನೆ ಜಯಮ್ಮ ತಾನೇ ಮುದ್ದೆ ತಿರುವಿ ಕಟ್ಟಿದಳು. ಸೊಪ್ಪಿನ ಸಾರಿನಲ್ಲಿ ಅದ್ದಿ ಮೊದಲ ತುತ್ತು ನುಂಗಿ, ಒಂದೊಂದೇ ಬೆರಳು ನೆಕ್ಕಿದಳು. ಕಣ್ಣಲ್ಲಿ ನೀರು ಬರಲಿಲ್ಲ, ಅವಳಿಗೆ. ನಾನು ತಲೆ ತಗ್ಗಿಸಿದೆ.

"ಬಿರ್ರನೆ ಉಣ್ಣಿ" ಅಂದಳು. "ಮುದ್ದೆ ಪಾತ್ರೆ ಒಣಗಿದ್ರೆ ನಿಮಗೇ ಕಷ್ಟ."