ಹಾಳೆ ಎತ್ತಲು ಕಲಿಸಿದವರು

ಅಕ್ಕಾರ ಕೈಗಳಿಗೆ ಎರಡು ಬಣ್ಣ. ಮಣಿಕಟ್ಟಿನವರೆಗೆ ಬಿಸಿಲಿಗೆ ಕಪ್ಪಾದ ತೋಳು. ಅದರಾಚೆ, ನೀರಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿದ ಅಂಗೈ. ಉಗುರಿನ ಸಂದಿಯಲ್ಲಿ ಸದಾ ಒಣಗಿದ ಹತ್ತಿಯ ನಾರು ಇರುತ್ತಿತ್ತು. ಆ ಕೈಯಿಂದಲೇ ಹೊಸ ಹಾಳೆಯೊಂದನ್ನು ಕಿವಿಯ ಹತ್ತಿರ ಹಿಡಿದು ಝಾಡಿಸುತ್ತಿದ್ದರು. ಸಪ್ಪಳ ಮೆತ್ತಗಿದ್ದರೆ, "ಇದು ಇನ್ನೂ ಮಾತಾಡವಲ್ದು, ಬಿಸಲಿಗೆ ಹಾಕ್ರಿ" ಎನ್ನುತ್ತಿದ್ದರು.

ರಬಕವಿಯ ನೇಕಾರರ ಮನೆತನ ಅವರದು, ಊರಿಗೆಲ್ಲ ಅವರು ಅಕ್ಕಾರು. ಗಂಡ ತೀರಿಕೊಂಡ ಮೇಲೆ ಮಗ್ಗಗಳು ಮೈದುನರ ಪಾಲಿಗೆ ಹೋದವು, ಅಕ್ಕಾರಿಗೆ ಹಿತ್ತಲು ಉಳಿಯಿತು. ಬನಹಟ್ಟಿ ರಬಕವಿಗಳ ಮನೆಮನೆಯಲ್ಲೂ ಕೂಡಿಬೀಳುತ್ತಿದ್ದ ನೂಲಿನ ಚಿಂದಿ ಅವರ ಕಣ್ಣಿಗೆ ಬಿತ್ತು. ಪುಣೆಗೆ ಹೋಗಿ ಕೆಲವು ತಿಂಗಳು ಇದ್ದು, ಕೈಯಿಂದ ಕಾಗದ ಮಾಡುವುದನ್ನು ಕಲಿತು ಬಂದರು. ಹಿತ್ತಲಲ್ಲಿ ಒಂದು ನೀರಿನ ಹೊಂಡ, ಚಿಂದಿ ಕುಟ್ಟಲು ಕಲ್ಲು, ಒನಕೆ ಹಿಡಿದ ನಾಲ್ಕಾರು ಹೆಣ್ಣುಮಕ್ಕಳು. ನಮ್ಮ ಕಾಗದ ಕಂಪನಿಯ ಹುಟ್ಟು ಇಷ್ಟೇ.

ಆಗ ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ನಾನು ಮುಧೋಳದಲ್ಲಿ ಶಾಲಾ ಮಾಸ್ತರ. ಮಕ್ಕಳಿಗೆಂದು ಅವರಲ್ಲಿ ಕಾಗದ ಕೊಂಡವನು, ಶಾಯಿ ಹರಡುತ್ತದೆಂದು ತಕರಾರು ಹೇಳಲು ಹೋದೆ. "ಖರೆ ಅದ. ಮುಂದಿನ ವಾರ ಬಂದು ಬರದ ನೋಡ್ರಿ" ಎಂದರು. ಹೋದೆ. ಮಗ್ಗದ ಹಾಸುನೂಲಿಗೆ ಗಂಜಿ ಕೊಡುವಂತೆ ಹಾಳೆಗೂ ಗಂಜಿ ಕೊಟ್ಟು ಒಣಗಿಸಿದ್ದರು. ಅಕ್ಷರ ಮುತ್ತಿನಂತೆ ನಿಂತಿತು. "ತಪ್ಪು ಹೇಳಾಕ ಇಷ್ಟು ದೂರ ಬಂದೀರಿ. ಛಲೋ ಇದ್ದದ್ದು ಹೇಳಾಕ ಊರೂರು ಅಡ್ಡಾಡ್ತೀರೇನು?" ಎಂದು ಕೇಳಿದರು. ಆ ವರ್ಷವೇ ಶಾಲೆ ಬಿಟ್ಟು ಅವರ ಕಾಗದ ಮಾರುವವನಾದೆ. ಜಮಖಂಡಿ, ಬೀಳಗಿ, ಬಾಗಲಕೋಟೆ ತಿರುಗಿದೆ. ಬೇಡಿಕೆ ಕೈಮೀರಿತು.

ಬನಹಟ್ಟಿಯ ದೊಡ್ಡ ಸೀರೆ ವ್ಯಾಪಾರಿಯೊಬ್ಬರು, ಸೀರೆಯ ಮಡಿಕೆಯೊಳಗಿಡುವ ದಪ್ಪ ಕಾಗದವನ್ನು ವರ್ಷಪೂರ್ತಿ ನಮ್ಮಲ್ಲೇ ಕೊಳ್ಳುವುದಾಗಿ ಹೇಳಿದರು. ಅದನ್ನು ನಂಬಿ ಅಕ್ಕಾರು ಚಿಂದಿ ಅರೆಯುವ ಯಂತ್ರ ತರಿಸಿದರು. ಯಂತ್ರ ಹೊತ್ತ ಚಕ್ಕಡಿ ಬಾಗಿಲಿಗೆ ಬಂದಾಗ ಕುಟ್ಟುವ ಹೆಂಗಸರು ಅಡ್ಡ ಕೂತಿದ್ದರು. ಅವರಲ್ಲಿ ಹಿರಿಯಳು, ಎಲ್ಲರೂ ಹುನ್ನೂರವ್ವ ಎಂದು ಕರೆಯುವವಳು, "ಅದು ಒಳಗ ಬಂದರ ನಾವು ಹೊರಗ ಹೋಗೂದ ಅಲ್ಲೇನ್ರಿ ಅಕ್ಕಾರ?" ಎಂದಳು.

ಅಕ್ಕಾರು ಅವಳ ಪಕ್ಕದಲ್ಲೇ ನೆಲಕ್ಕೆ ಕೂತರು. "ಕುಟ್ಟೂದು ಅದು ಮಾಡ್ಲಿ. ಹೊಂಡದಾಗಿಂದ ಹಾಳಿ ಎತ್ತೂದು ನೀವು ಮಾಡ್ರಿ."

"ನನಗ ಹಾಳಿ ಎತ್ತಾಕ ಬರೂದಿಲ್ಲ."

"ಬರೂತನಕ ಯಂತ್ರ ಚಾಲೂ ಆಗೂದಿಲ್ಲ."

ಬಾಯಿಮಾತೆಂದು ತಿಳಿದಿದ್ದೆ. ಅಲ್ಲ. ಯಂತ್ರವನ್ನು ಒಳಗಿಳಿಸಿ ಗೋಣಿತಾಟು ಹೊದಿಸಿದರು. ಹೆಂಗಸರ ಕೈಗೆ ಚೌಕಟ್ಟು ಕಟ್ಟಿದ ಜಾಲರಿ ಕೊಟ್ಟು, ಕುಟ್ಟಿದ ಚಿಂದಿಯ ತಿರುಳು ಕಲಸಿದ ನೀರಿನಲ್ಲಿ ಮುಳುಗಿಸಿ ಸಮನಾಗಿ ಎತ್ತುವುದನ್ನು ಕಲಿಸತೊಡಗಿದರು. ಹುನ್ನೂರವ್ವನ ಹಾಳೆ ಒಂದು ಕಡೆ ರೊಟ್ಟಿಯಷ್ಟು ದಪ್ಪ, ಇನ್ನೊಂದು ಕಡೆ ತೂತು. ದಿನಗಳು ಕಳೆದವು. ವ್ಯಾಪಾರಿ ಬಂದು ಮುಚ್ಚಿಟ್ಟ ಯಂತ್ರ ನೋಡಿ, ಕಾಗದ ಪುಣೆಯಿಂದಲೇ ತರಿಸುತ್ತೇನೆಂದು ಹೊರಟುಹೋದರು. ನಾನು ಸಿಟ್ಟಿಗೆದ್ದೆ.

"ಅಕ್ಕಾರ, ನಿಮ್ಮ ಒಂದು ಮಾತಿಗಾಗಿ ಇಡೀ ಕಾರಖಾನಿ ಮುಳಗಾಕತ್ತೈತಿ."

"ಮಾಸ್ತರ, ಇವರು ಕಲಿತರ ಇವತ್ತು ಹೋದಾವ ನಾಳೆ ಬರ್ತಾನ. ಇವರು ಹೋದರ ನಾ ಯಾರನ್ನ ಕರಕೊಂಡು ಕಾಗದ ಮಾಡ್ಲಿ?" ಎಂದು ಮತ್ತೆ ಹೊಂಡದ ಕಡೆ ತಿರುಗಿದರು.

ಕೊನೆಗೊಂದು ಬೆಳಿಗ್ಗೆ ಹುನ್ನೂರವ್ವ ಎತ್ತಿದ ಹಾಳೆ ಎಲ್ಲ ಕಡೆ ಒಂದೇ ಸಮನಾಗಿ ಬಂತು. ಅಕ್ಕಾರು ಹೋಗಿ ಯಂತ್ರದ ಗೋಣಿತಾಟು ತೆಗೆದರು. ಎಂಜಿನ್ನಿನ ಸದ್ದಿಗೆ ಓಣಿಯೇ ಬಂದು ನಿಂತಿತು. ನುರಿತ ಕೈಗಳು ಅಷ್ಟೊಂದಿದ್ದುದರಿಂದ ಯಂತ್ರ ಅರೆದದ್ದೆಲ್ಲ ಅಂದಂದೇ ಹಾಳೆಯಾಯಿತು. ಸುಗ್ಗಿ ಮುಗಿಯುವಷ್ಟರಲ್ಲಿ ಆ ವ್ಯಾಪಾರಿ ತಾವೇ ಬಂದರು. ಜಮಖಂಡಿ ರಸ್ತೆಯಲ್ಲಿ ಶೆಡ್ಡು ಎದ್ದಿತು, ನೇಕಾರರು ಪಾಲು ಹಾಕಿದರು, ಹಿತ್ತಲಿನ ಕೆಲಸ ಕಂಪನಿಯಾಯಿತು. ಅಧ್ಯಕ್ಷರಾಗುವ ಆಸೆ ತೋರಿದ ವ್ಯಾಪಾರಿಗೆ ಅಕ್ಕಾರು, "ಕುರ್ಚಿ ನೀವ ತಗೋರಿ. ಯಾವ ಹಾಳಿ ಹೊರಗ ಹೋಗಬೇಕು ಅನ್ನೂದು ಮಾತ್ರ ನಾ ಹೇಳ್ತೀನಿ" ಎಂದರು. ಹಾಗೆಯೇ ನಡೆಯಿತು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರುವ ಮಾತು ನಡೆದಿದ್ದ ದಿನಗಳಲ್ಲಿ ಅಕ್ಕಾರು ಹಾಸಿಗೆ ಹಿಡಿದರು. ನೋಡಲು ಹೋದಾಗ ಅವರು ಕೇಳಿದ್ದು ಹೊಂಡದ ವಿಚಾರ. "ನಾ ಹೋದ ದಿನ ಕೆಲಸ ಬಂದ್ ಇಡಬ್ಯಾಡ್ರಿ. ಕಲಸಿದ್ದು ಕೆಡ್ತದ."

ಅವರಿಗೆ ಮಣ್ಣು ಕೊಟ್ಟು ಬಂದ ಮಧ್ಯಾಹ್ನ, ಹೆಂಗಸರೆಲ್ಲ ಮಿಂದು ಒದ್ದೆ ಕೂದಲಲ್ಲೇ ಶೆಡ್ಡಿಗೆ ಬಂದರು. ಹೊಂಡ ಬರಿದಾಗುವವರೆಗೆ ಹಾಳೆ ಎತ್ತಿದರು. ಆಮೇಲೆ ಹುನ್ನೂರವ್ವ ಕೈ ಒರೆಸಿಕೊಳ್ಳುತ್ತ ನನ್ನೆದುರು ಬಂದು ನಿಂತಳು.

"ನಾಳಿಂದ ಯಾರನ್ನ ಕೇಳೂದ್ರಿ, ಮಾಸ್ತರ?"

"ನನ್ನ ಕೇಳ್ರಿ" ಎಂದೆ. "ನನಗ ತಿಳೀದಿದ್ದರ ನಾ ನಿಮ್ಮನ್ನ ಕೇಳ್ತೀನಿ."

ಆಕೆ ತಲೆಯಾಡಿಸಿ, ನಾಳೆಯ ಚಿಂದಿ ನೆನೆಹಾಕಲು ಹೋದಳು.